ಕ್ರೀಡಾಂಗಣಕ್ಕೆ ಹೋಗುವ ದಾರಿ: ಪರದೇಶ ಪ್ರವಾಸದಲ್ಲಿ ತಂಡಗಳ ಸುರಕ್ಷತೆ



ಕಿರುತೆರೆಯ ಮುಂದೆ ಪಂದ್ಯ ನೋಡಲು ಕುಳಿತಾಗ ನಿಮಗೆ ಮೊದಲು ಕಾಣುವುದು ಹಸಿರು ಅಂಗಳ, ಕಿಕ್ಕಿರಿದ ಪ್ರೇಕ್ಷಕರು, ಸಮವಸ್ತ್ರ ತೊಟ್ಟು ಮೆಟ್ಟಿಲಿಳಿದು ಬರುವ ಆಟಗಾರರು. ಅವರು ಅಲ್ಲಿಗೆ ಬಂದ ಬಗೆಯನ್ನು ಕ್ಯಾಮೆರಾ ತೋರಿಸುವುದಿಲ್ಲ. ಯಾವ ವಿಮಾನದಲ್ಲಿ ಬಂದರು, ರಾತ್ರಿ ಎಲ್ಲಿ ತಂಗಿದರು, ಬೆಳಿಗ್ಗೆ ಯಾವ ರಸ್ತೆಯಲ್ಲಿ ಅವರ ಬಸ್ಸು ಬಂತು, ಆ ಬಸ್ಸನ್ನು ಓಡಿಸಿದವರು ಯಾರು? ಇದೆಲ್ಲ ಆಟಕ್ಕೆ ಸಂಬಂಧಪಡದ ಸಂಗತಿ ಎಂದು ನಿಮಗೆ ಅನ್ನಿಸಬಹುದು. ಆದರೆ ಕ್ರೀಡೆಯ ಇತಿಹಾಸದ ಪುಟಗಳನ್ನು ತಿರುವಿದರೆ ಒಂದು ಮಾತು ಸ್ಪಷ್ಟವಾಗುತ್ತದೆ. ತಂಡಗಳಿಗೆ ಒದಗಿದ ದೊಡ್ಡ ದುರಂತಗಳು ಬಹುಮಟ್ಟಿಗೆ ಅಂಗಳದೊಳಗೆ ನಡೆಯಲಿಲ್ಲ. ಅಂಗಳಕ್ಕೆ ಹೋಗುವ ದಾರಿಯಲ್ಲಿ, ಅಲ್ಲಿಂದ ಮರಳುವ ದಾರಿಯಲ್ಲಿ, ತಂಗಿದ ಬಿಡಾರದಲ್ಲಿ ನಡೆದವು.

ಆ ದಾರಿಯ ಇತಿಹಾಸವನ್ನು ಇಲ್ಲಿ ನೋಡೋಣ. ಪ್ರತಿಯೊಂದು ಘಟನೆಯ ಮುಂದೆಯೂ ಒಂದು ಪ್ರಶ್ನೆಯನ್ನು ಇಟ್ಟುಕೊಂಡು ಓದಿ: ಹೊರಡುವ ಮುನ್ನ 'ಬೇಡ, ನಿಲ್ಲಿ' ಎಂದು ಹೇಳುವ ಅಧಿಕಾರ ಯಾರಿಗಿತ್ತು? ಇದ್ದರೆ, ಆ ಮಾತು ಏಕೆ ನಡೆಯಲಿಲ್ಲ?

ಹಡಗಿನಿಂದ ವಿಮಾನಕ್ಕೆ

1928ರಲ್ಲಿ ಆಮ್‌ಸ್ಟರ್‌ಡ್ಯಾಮ್ ಒಲಿಂಪಿಕ್ಸ್‌ಗೆ ಭಾರತದ ಹಾಕಿ ತಂಡ ಮುಂಬಯಿಯಿಂದ ಹೊರಟದ್ದು ಹಡಗಿನಲ್ಲಿ. ಧ್ಯಾನ್ ಚಂದ್ ಇದ್ದ ಆ ತಂಡ ಚಿನ್ನದ ಪದಕ ಗೆದ್ದು ಮರಳಿತು. ಆಗ ಪರದೇಶ ಪ್ರವಾಸವೆಂದರೆ ವಾರಗಟ್ಟಲೆ ಸಮುದ್ರಯಾನ. ವಾಂತಿ, ಜ್ವರ, ಒಗ್ಗದ ಊಟ ಇವೇ ದೊಡ್ಡ ತೊಂದರೆಗಳು. ಎರಡನೆಯ ಮಹಾಯುದ್ಧದ ನಂತರ ವಿಮಾನಯಾನ ಬೆಳೆಯಿತು. ವಾರಗಳ ದಾರಿ ಗಂಟೆಗಳಿಗೆ ಇಳಿಯಿತು. ಅದರ ಜೊತೆಗೆ ಒಂದು ಹೊಸ ಅಪಾಯವೂ ಬಂತು. ಒಂದು ಊರಿನ, ಒಂದು ನಾಡಿನ ಇಡೀ ತಂಡ ಒಂದೇ ವಿಮಾನದಲ್ಲಿ ಕುಳಿತುಕೊಳ್ಳತೊಡಗಿತು.

1949ರ ಮೇ 4ರಂದು ಇಟಲಿಯ ಟೊರಿನೊ ಫುಟ್‌ಬಾಲ್ ತಂಡ ಲಿಸ್ಬನ್‌ನಲ್ಲಿ ಪಂದ್ಯವಾಡಿ ಮರಳುತ್ತಿತ್ತು. ಟ್ಯೂರಿನ್ ನಗರದ ಮೇಲೆ ದಟ್ಟ ಮೋಡ, ಮಂಜು ಕವಿದಿತ್ತು. ವಿಮಾನ ಸುಪೆರ್ಗಾ ಬೆಟ್ಟದ ಮೇಲಿನ ಚರ್ಚಿನ ಹಿಂಭಾಗಕ್ಕೆ ಅಪ್ಪಳಿಸಿತು. ಅದರಲ್ಲಿದ್ದ 31 ಮಂದಿಯೂ ತೀರಿಕೊಂಡರು. ಅವರಲ್ಲಿ 18 ಮಂದಿ ಆಟಗಾರರು. ಆ ಕಾಲದಲ್ಲಿ ಇಟಲಿಯ ರಾಷ್ಟ್ರೀಯ ತಂಡವೆಂದರೆ ಹೆಚ್ಚುಕಡಿಮೆ ಟೊರಿನೊ ತಂಡವೇ. 1947ರಲ್ಲಿ ಹಂಗೇರಿಯ ವಿರುದ್ಧ ಇಳಿದ ಇಟಲಿಯ ಹನ್ನೊಂದರಲ್ಲಿ ಹತ್ತು ಮಂದಿ ಟೊರಿನೊದವರಾಗಿದ್ದರು. ಒಂದು ಕ್ಷಣದಲ್ಲಿ ಒಂದು ದೇಶದ ಫುಟ್‌ಬಾಲ್ ಬರಿದಾಯಿತು.

ಮರುವರ್ಷ ಬ್ರೆಜಿಲ್‌ನಲ್ಲಿ ವಿಶ್ವಕಪ್ ಇತ್ತು. 1934 ಮತ್ತು 1938ರಲ್ಲಿ ಗೆದ್ದಿದ್ದ ಇಟಲಿಯೇ ಆಗಿನ ಚಾಂಪಿಯನ್. ವಿಮಾನವೆಂದರೆ ಬೆಚ್ಚುತ್ತಿದ್ದ ತಂಡ ಅಟ್ಲಾಂಟಿಕ್ ಸಾಗರವನ್ನು ಹಡಗಿನಲ್ಲಿ ದಾಟಿತು. ದೀರ್ಘ ಪ್ರಯಾಣದಲ್ಲಿ ಅಭ್ಯಾಸ ತಪ್ಪಿ ಮೊದಲ ಸುತ್ತಿನಲ್ಲೇ ಹೊರಬಿತ್ತು. ವಿದ್ಯಾರ್ಥಿಗಳೇ, ಇಲ್ಲಿ ಒಂದು ಸೂಕ್ಷ್ಮವಿದೆ. ಅವರ ಭಯ ಸಹಜವಾದದ್ದೇ. ಆದರೆ ಭಯ ಬೇರೆ, ಮುನ್ನೆಚ್ಚರಿಕೆ ಬೇರೆ. ಹವಾಮಾನ ಕೆಟ್ಟಾಗ ಬೇರೆ ನಿಲ್ದಾಣದಲ್ಲಿ ಇಳಿಯುವುದು ಹೇಗೆ, ತಂಡವನ್ನು ಎರಡು ಪಾಲು ಮಾಡಿ ಕಳಿಸಬಹುದೇ ಎಂದು ಯೋಚಿಸುವುದು ಮುನ್ನೆಚ್ಚರಿಕೆ. ಅಮೆರಿಕದ ಸ್ಕೇಟಿಂಗ್ ಸಂಸ್ಥೆ ಆ ಪಾಠವನ್ನು 1961ರಲ್ಲಿ ಕಲಿಯಿತು. ಆ ವರ್ಷದ ಫೆಬ್ರವರಿ 15ರಂದು ಬ್ರಸೆಲ್ಸ್ ಬಳಿ ವಿಮಾನ ಬಿದ್ದು ಅಲ್ಲಿನ 18 ಸ್ಕೇಟರುಗಳು, ಅವರ ತರಬೇತುದಾರರು, ಬಂಧುಗಳು ಮಡಿದರು. ಆ ಮೇಲೆ ಇಡೀ ತಂಡವನ್ನು ಒಂದೇ ವಿಮಾನದಲ್ಲಿ ಕಳಿಸುವ ರೂಢಿಯನ್ನು ಆ ಸಂಸ್ಥೆ ಕೈಬಿಟ್ಟಿತು.

ಮೂರನೆಯ ಪ್ರಯತ್ನ

ಈಗ 1958ಕ್ಕೆ ಬರೋಣ. ಇಂಗ್ಲೆಂಡಿನ ಮ್ಯಾಂಚೆಸ್ಟರ್ ಯುನೈಟೆಡ್ ತಂಡ ಯುರೋಪಿಯನ್ ಕಪ್ ಪಂದ್ಯಕ್ಕಾಗಿ ಯುಗೋಸ್ಲಾವಿಯಾದ ಬೆಲ್‌ಗ್ರೇಡ್‌ಗೆ ಹೋಗಿತ್ತು. ಬುಧವಾರ ಪಂದ್ಯ ಮುಗಿಯಿತು. ಶನಿವಾರ ತನ್ನ ನಾಡಿನಲ್ಲಿ ಲೀಗ್ ಪಂದ್ಯವಿತ್ತು. ಅದಕ್ಕೆ ಸಕಾಲದಲ್ಲಿ ಮರಳಲೇಬೇಕು. ಎರಡು ತಿಂಗಳ ಹಿಂದಷ್ಟೇ ಪ್ರಾಗ್‌ನಿಂದ ಮರಳುವಾಗ ಮಂಜಿನಿಂದಾಗಿ ವಿಮಾನ ತಪ್ಪಿ, ಸುತ್ತುಬಳಸಿ ಹಡಗು ಹಿಡಿದು ಊರು ಸೇರುವಷ್ಟರಲ್ಲಿ ತಂಡ ಸುಸ್ತಾಗಿತ್ತು. ಹಾಗಾಗಿ ಈ ಬಾರಿ ತಂಡಕ್ಕೆಂದೇ ವಿಮಾನವೊಂದನ್ನು ಬಾಡಿಗೆಗೆ ಹಿಡಿದಿದ್ದರು.

ಫೆಬ್ರವರಿ 6ರ ಗುರುವಾರ ಇಂಧನ ತುಂಬಿಸಿಕೊಳ್ಳಲು ವಿಮಾನ ಜರ್ಮನಿಯ ಮ್ಯೂನಿಕ್‌ನಲ್ಲಿ ಇಳಿಯಿತು. ಹಿಮ ಬೀಳುತ್ತಿತ್ತು. ಮೊದಲ ಸಲ ಮೇಲೇರಲು ಹೊರಟಾಗ ಎಂಜಿನ್ನಿನ ಸದ್ದು ಸರಿಯಿಲ್ಲವೆಂದು ನಿಲ್ಲಿಸಿದರು. ಎರಡನೆಯ ಸಲವೂ ಹಾಗೇ ಆಯಿತು. ಪ್ರಯಾಣಿಕರು ಇಳಿದು ನಿಲ್ದಾಣದೊಳಗೆ ಬಂದರು. ಇನ್ನು ಇಂದು ಹೋಗುವುದಿಲ್ಲವೆಂದು ತಿಳಿದ ಡಂಕನ್ ಎಡ್ವರ್ಡ್ಸ್ ಎಂಬ 21 ವರ್ಷದ ಆಟಗಾರ, ವಿಮಾನ ರದ್ದಾಗಿದೆ, ನಾಳೆ ಬರುತ್ತೇನೆ ಎಂದು ತಾನಿದ್ದ ಮನೆಯ ಒಡತಿಗೆ ತಂತಿ ಕಳಿಸಿದ. ಸ್ವಲ್ಪ ಹೊತ್ತಿನಲ್ಲೇ ಮತ್ತೆ ಹತ್ತಿರೆಂದು ಕರೆ ಬಂತು. ಮೂರನೆಯ ಪ್ರಯತ್ನದಲ್ಲಿ ವಿಮಾನ ನೆಲ ಬಿಟ್ಟು ಏಳಲೇ ಇಲ್ಲ. ಬೇಲಿ ಮುರಿದುಕೊಂಡು ಹೋಗಿ ಮನೆಯೊಂದಕ್ಕೆ ಬಡಿಯಿತು. 44 ಮಂದಿಯಲ್ಲಿ 23 ಮಂದಿ ಸತ್ತರು. ಅವರಲ್ಲಿ ಎಂಟು ಮಂದಿ ಆಟಗಾರರು. ಆಸ್ಪತ್ರೆಯಲ್ಲಿ ಹದಿನೈದು ದಿನ ಹೋರಾಡಿದ ಎಡ್ವರ್ಡ್ಸ್ ಎಂಟನೆಯವನು.

ರೆಕ್ಕೆಯ ಮೇಲಿನ ಹಿಮ ತೆಗೆಸಲಿಲ್ಲವೆಂದು ಜರ್ಮನಿಯ ವಿಚಾರಣೆ ಕ್ಯಾಪ್ಟನ್ ಜೇಮ್ಸ್ ಥೇನ್ ಅವರ ಮೇಲೆ ತಪ್ಪು ಹೊರಿಸಿತು. ಅವರು ಹತ್ತು ವರ್ಷಕ್ಕೂ ಹೆಚ್ಚು ಕಾಲ ಹೋರಾಡಿದರು. ಓಡುದಾರಿಯ ಮೇಲೆ ನಿಂತಿದ್ದ ಕರಗಿದ ಹಿಮದ ರಾಡಿಯೇ ಚಕ್ರಗಳ ವೇಗವನ್ನು ತಗ್ಗಿಸಿತೆಂದು 1969ರಲ್ಲಿ ಬ್ರಿಟಿಷ್ ವಿಚಾರಣೆ ತೀರ್ಮಾನಿಸಿ ಅವರನ್ನು ದೋಷಮುಕ್ತರನ್ನಾಗಿಸಿತು. ಆ ರಾಡಿಯ ಅಪಾಯ ಅಂದು ಪೂರ್ತಿಯಾಗಿ ಅರ್ಥವಾಗಿರಲಿಲ್ಲ ನಿಜ. ಆದರೆ ಎರಡು ಸಲ ವಿಫಲವಾದ ಮೇಲೆ ಒಂದು ರಾತ್ರಿ ಅಲ್ಲೇ ಉಳಿಯಲು ತಂತ್ರಜ್ಞಾನ ಬೇಕಿರಲಿಲ್ಲ, ಪುರುಸೊತ್ತು ಬೇಕಿತ್ತು. ಆತುರಗಾರನಿಗೆ ಬುದ್ಧಿ ಮಟ್ಟ ಎಂಬ ನಮ್ಮ ಗಾದೆ ಒಬ್ಬ ಮನುಷ್ಯನಿಗಷ್ಟೇ ಅನ್ವಯಿಸುವುದಲ್ಲ. ಪಂದ್ಯಗಳ ನಡುವೆ ಬಿಡುವನ್ನೇ ಇಡದ ವೇಳಾಪಟ್ಟಿಗೂ ಅನ್ವಯಿಸುತ್ತದೆ.

ಬೇಲಿ ಹಾರಿ ಬಂದವರು

ಅದೇ ಮ್ಯೂನಿಕ್ ನಗರದಲ್ಲಿ 1972ರಲ್ಲಿ ಒಲಿಂಪಿಕ್ಸ್ ನಡೆಯಿತು. ಹಿಟ್ಲರನ ಕಾಲದ 1936ರ ಬರ್ಲಿನ್ ಒಲಿಂಪಿಕ್ಸ್‌ನ ನೆನಪನ್ನು ಅಳಿಸಬೇಕೆಂಬ ಹಂಬಲ ಪಶ್ಚಿಮ ಜರ್ಮನಿಗಿತ್ತು. ಎಲ್ಲಿಯೂ ಬಂದೂಕು, ಸಮವಸ್ತ್ರ ಕಾಣಬಾರದೆಂದು ನಿಶ್ಶಸ್ತ್ರ ಕಾವಲುಗಾರರನ್ನು ನೇಮಿಸಿದ್ದರು. ತಡರಾತ್ರಿ ಬಂದ ಕ್ರೀಡಾಪಟುಗಳು ಕ್ರೀಡಾಗ್ರಾಮದ ಬೇಲಿ ಹತ್ತಿ ಒಳಹೋಗುವುದು ಮಾಮೂಲಾಗಿತ್ತು. ಸೆಪ್ಟೆಂಬರ್ 5ರ ನಸುಕಿನಲ್ಲಿ ಎಂಟು ಮಂದಿ ಉಗ್ರರು ಅದೇ ಬೇಲಿಯನ್ನು ಹಾರಿ ಇಸ್ರೇಲಿ ತಂಡದ ಬಿಡಾರಕ್ಕೆ ನುಗ್ಗಿದರು. ಮರುದಿನ ಬೆಳಗಾಗುವಷ್ಟರಲ್ಲಿ ಆ ತಂಡದ 11 ಮಂದಿ, ಒಬ್ಬ ಜರ್ಮನ್ ಪೊಲೀಸ್ ಅಧಿಕಾರಿ ಬಲಿಯಾಗಿದ್ದರು.

ಇಂಥದ್ದೊಂದು ನಡೆಯಬಹುದೆಂದು ಯಾರಿಗೂ ತೋಚಿರಲಿಲ್ಲವೇ? ತೋಚಿತ್ತು. ಕ್ರೀಡಾಕೂಟಕ್ಕೆ ಮುನ್ನ ಪೊಲೀಸ್ ಮನಶ್ಶಾಸ್ತ್ರಜ್ಞ ಗಿಯೋರ್ಗ್ ಸೀಬರ್ ಅವರು ಸಂಭವನೀಯ ಅಪಾಯಗಳನ್ನು 26 ಸನ್ನಿವೇಶಗಳಾಗಿ ಬರೆದುಕೊಟ್ಟಿದ್ದರು. ಅವುಗಳಲ್ಲಿ 21ನೆಯದು ಆ ದಿನ ನಡೆದದ್ದಕ್ಕೆ ಬಹಳ ಹತ್ತಿರವಾಗಿತ್ತು. ಸಂತಸದ ಕೂಟಕ್ಕೆ ಅಂಥ ಕಲ್ಪನೆಗಳು ಹೊಂದುವುದಿಲ್ಲವೆಂದು ಅದನ್ನು ಬದಿಗಿಟ್ಟಿದ್ದರು.

ಇನ್ನೊಂದು ಸಂಗತಿಯನ್ನು ದೂರದರ್ಶನದ ವೀಕ್ಷಕರಾದ ನೀವು ವಿಶೇಷವಾಗಿ ಗಮನಿಸಬೇಕು. ಒತ್ತೆಯಾಳುಗಳನ್ನು ಬಿಡಿಸಲು ಪೊಲೀಸರು ಕಟ್ಟಡದ ಮಾಳಿಗೆ ಹತ್ತುತ್ತಿದ್ದ ದೃಶ್ಯವನ್ನು ಟಿ.ವಿ. ಕ್ಯಾಮೆರಾಗಳು ನೇರವಾಗಿ ಬಿತ್ತರಿಸಿದವು. ಒಳಗಿದ್ದ ಉಗ್ರರ ಕೋಣೆಯಲ್ಲೂ ಟಿ.ವಿ. ಇತ್ತು. ಕಾರ್ಯಾಚರಣೆಯನ್ನು ಕೈಬಿಡಬೇಕಾಯಿತು. ಸುದ್ದಿ ಕೊಡುವವರಿಗೂ ಸುರಕ್ಷತೆಯಲ್ಲಿ ಪಾಲಿದೆ ಎಂಬುದು ಅಂದು ತಿಳಿಯಿತು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎನ್ನುವಂತೆ, ಜರ್ಮನಿ ಇಂಥ ಸಂದರ್ಭಗಳಿಗೆಂದೇ ವಿಶೇಷ ಪಡೆ ಕಟ್ಟಿದ್ದು, 1976ರ ಮಾಂಟ್ರಿಯಲ್ ಒಲಿಂಪಿಕ್ಸ್ ಭಾರೀ ಕಾವಲಿನಲ್ಲಿ ನಡೆದದ್ದು ಎಲ್ಲವೂ ಆ ಮೇಲಿನ ಮಾತು.

ಬಡತನದ ವಿಮಾನಗಳು

1993ರ ಏಪ್ರಿಲ್ 27ರಂದು ಆಫ್ರಿಕದ ಜಾಂಬಿಯಾ ದೇಶದ ಫುಟ್‌ಬಾಲ್ ತಂಡ ವಿಶ್ವಕಪ್ ಅರ್ಹತಾ ಪಂದ್ಯಕ್ಕಾಗಿ ಸೆನೆಗಲ್‌ಗೆ ಹೊರಟಿತು. ಹಣದ ಮುಗ್ಗಟ್ಟಿನಿಂದ ತಂಡ ಪ್ರಯಾಣ ಮಾಡುತ್ತಿದ್ದುದು ವಾಯುಪಡೆಯ ಒಂದು ಹಳೆಯ ಸಾಗಣೆ ವಿಮಾನದಲ್ಲಿ. ದೂರದ ದಾರಿಯಲ್ಲಿ ಅಲ್ಲಲ್ಲಿ ಇಳಿದು ಇಂಧನ ತುಂಬಿಸಬೇಕಿತ್ತು. ಮೊದಲ ತಂಗುದಾಣದಲ್ಲೇ ಎಂಜಿನ್ ತೊಂದರೆ ಕಂಡಿತ್ತು. ಆದರೂ ಮುಂದುವರಿದರು. ಗ್ಯಾಬನ್ ದೇಶದ ಲೀಬ್ರವಿಲ್‌ನಿಂದ ಮೇಲೇರಿದ ಕೆಲವೇ ನಿಮಿಷಗಳಲ್ಲಿ ಒಂದು ಎಂಜಿನ್ನಿಗೆ ಬೆಂಕಿ ಹತ್ತಿತು. ದಣಿದಿದ್ದ ಪೈಲಟ್, ಸರಿಯಾಗಿದ್ದ ಇನ್ನೊಂದು ಎಂಜಿನ್ನನ್ನು ನಿಲ್ಲಿಸಿಬಿಟ್ಟರು. ವಿಮಾನ ಸಮುದ್ರಕ್ಕೆ ಬಿತ್ತು. 18 ಆಟಗಾರರೂ ಸೇರಿದಂತೆ 30 ಮಂದಿ ಅಸುನೀಗಿದರು. ಯುರೋಪಿನಲ್ಲಿ ಆಡುತ್ತಿದ್ದ ನಾಯಕ ಕಲುಶಾ ಬ್ವಾಲ್ಯ ಆ ವಿಮಾನದಲ್ಲಿ ಇರಲಿಲ್ಲ. 2012ರಲ್ಲಿ ಅದೇ ಲೀಬ್ರವಿಲ್‌ನಲ್ಲಿ ಜಾಂಬಿಯಾ ಮೊದಲ ಬಾರಿಗೆ ಆಫ್ರಿಕ ಕಪ್ ಗೆದ್ದಾಗ ಅವರು ದೇಶದ ಫುಟ್‌ಬಾಲ್ ಸಂಸ್ಥೆಯ ಅಧ್ಯಕ್ಷರಾಗಿದ್ದರು. ಫೈನಲ್‌ಗೆ ಮುನ್ನ ಆಟಗಾರರು ಕಡಲ ತೀರಕ್ಕೆ ಹೋಗಿ ಹೂವರ್ಪಿಸಿ ಬಂದಿದ್ದರು.

ಇಪ್ಪತ್ತಮೂರು ವರ್ಷಗಳ ನಂತರವೂ ಇದೇ ಬಗೆಯ ಕಥೆ ಮರುಕಳಿಸಿತು. 2016ರ ನವೆಂಬರ್ 28ರಂದು ಬ್ರೆಜಿಲ್‌ನ ಶಾಪೆಕೊಯೆನ್ಸೆ ತಂಡ ಬೊಲಿವಿಯಾದಿಂದ ಕೊಲಂಬಿಯಾದ ಮೆಡೆಲಿನ್ ನಗರಕ್ಕೆ ಬಾಡಿಗೆ ವಿಮಾನದಲ್ಲಿ ಹೊರಟಿತ್ತು. ಹಾರಾಟದ ಅವಧಿ 4 ಗಂಟೆ 22 ನಿಮಿಷ ಎಂದು ಹೊರಡುವ ಮುನ್ನ ಸಲ್ಲಿಸಿದ ಹಾಳೆಯಲ್ಲಿ ಬರೆದಿತ್ತು. ಇಂಧನ ಸಾಲುವ ಅವಧಿಯೂ ಅಷ್ಟೇ, 4 ಗಂಟೆ 22 ನಿಮಿಷ! ತುರ್ತಿಗೆಂದು ಒಂದು ನಿಮಿಷದಷ್ಟೂ ಉಳಿಕೆ ಇರಲಿಲ್ಲ. ನಿಲ್ದಾಣದ ಅಧಿಕಾರಿಯೊಬ್ಬರು ಇದನ್ನು ಗುರುತಿಸಿ ಪ್ರಶ್ನಿಸಿದ್ದರು. ಆದರೂ ವಿಮಾನ ಹೊರಟಿತು. ಮೆಡೆಲಿನ್ ಹತ್ತಿರ ಬರುವಷ್ಟರಲ್ಲಿ ಇಂಧನ ಮುಗಿದು ಗುಡ್ಡದ ಮೇಲೆ ಬಿತ್ತು. 77 ಮಂದಿಯಲ್ಲಿ ಉಳಿದವರು ಆರೇ ಮಂದಿ. ಎದುರಾಳಿಯಾಗಿದ್ದ ಅತ್ಲೆತಿಕೊ ನಸಿಯೊನಾಲ್ ತಂಡ ಪ್ರಶಸ್ತಿಯನ್ನು ಶಾಪೆಕೊಯೆನ್ಸೆಗೇ ಕೊಡಿರೆಂದು ಕೇಳಿಕೊಂಡಿತು. ಕ್ರೀಡಾಮನೋಭಾವಕ್ಕೆ ಅದಕ್ಕಿಂತ ಉತ್ತಮ ನಿದರ್ಶನ ಸಿಗಲಾರದು. ಆದರೆ ಇತಿಹಾಸದ ವಿದ್ಯಾರ್ಥಿ ಮರೆಯಬಾರದ್ದು ಆ ಹಾಳೆಯನ್ನು. ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟು ನೋಡಿದವರು ಇದ್ದರು. ಅವರ 'ಬೇಡ'ಕ್ಕೆ ತಡೆಯುವ ಬಲ ಇರಲಿಲ್ಲ.

ಹೋಗುವುದೋ ಬಿಡುವುದೋ?

ಹಾಗಾದರೆ ಅನುಮಾನ ಬಂದಾಗಲೆಲ್ಲ ಪ್ರವಾಸವನ್ನು ಬಿಟ್ಟುಬಿಡುವುದೇ ಸರಿಯೇ? ಅದೂ ಅಷ್ಟು ಸುಲಭವಲ್ಲ. 1996ರ ಜನವರಿ 31ರಂದು ಕೊಲಂಬೊದ ಸೆಂಟ್ರಲ್ ಬ್ಯಾಂಕ್ ಮೇಲೆ ಬಾಂಬ್ ದಾಳಿ ನಡೆಯಿತು. ಇನ್ನೇನು ಕೆಲವೇ ದಿನಗಳಲ್ಲಿ ಕ್ರಿಕೆಟ್ ವಿಶ್ವಕಪ್. ಆಸ್ಟ್ರೇಲಿಯಾ ಮತ್ತು ವೆಸ್ಟ್ ಇಂಡೀಸ್ ತಂಡಗಳು ಕೊಲಂಬೊಗೆ ಬರುವುದಿಲ್ಲವೆಂದವು. ತಮ್ಮ ಆಟಗಾರರ ಪ್ರಾಣ ದೊಡ್ಡದೆಂಬ ಅವರ ವಾದವನ್ನು ತಳ್ಳಿಹಾಕಲಾಗದು. ಇತ್ತ ಶ್ರೀಲಂಕಾದ ನೋವನ್ನೂ ತಳ್ಳಿಹಾಕಲಾಗದು. ಆಗ ಭಾರತ ಮತ್ತು ಪಾಕಿಸ್ತಾನದ ಆಟಗಾರರು ಒಂದೇ ತಂಡವಾಗಿ, ಅಜರುದ್ದೀನ್ ನಾಯಕತ್ವದಲ್ಲಿ, ಫೆಬ್ರವರಿ 13ರಂದು ಕೊಲಂಬೊದಲ್ಲಿ ಶ್ರೀಲಂಕಾದೊಡನೆ ಸ್ನೇಹಪಂದ್ಯ ಆಡಿದರು. ನಮ್ಮ ಅನಿಲ್ ಕುಂಬ್ಳೆ ಅಂದು ವಾಸಿಂ ಅಕ್ರಂ ಮತ್ತು ವಕಾರ್ ಯೂನಿಸ್ ಅವರ ಜೊತೆಗಾರರಾಗಿ ಬೌಲ್ ಮಾಡಿದರು. ಬಾರದ ತಂಡಗಳು ಆ ಪಂದ್ಯಗಳ ಅಂಕ ಕಳೆದುಕೊಂಡವು. ಕಡೆಗೆ ಮಾರ್ಚ್ 17ರಂದು ಲಾಹೋರ್‌ನ ಗಡಾಫಿ ಕ್ರೀಡಾಂಗಣದಲ್ಲಿ ಶ್ರೀಲಂಕಾವೇ ವಿಶ್ವಕಪ್ ಎತ್ತಿತು.

ಅದೇ ಲಾಹೋರ್, ಅದೇ ಗಡಾಫಿ ಕ್ರೀಡಾಂಗಣ ಶ್ರೀಲಂಕಾದ ಪಾಲಿಗೆ ಮತ್ತೊಂದು ನೆನಪನ್ನೂ ಇಟ್ಟುಕೊಂಡಿತ್ತು. 2008ರ ಮುಂಬಯಿ ದಾಳಿಯ ನಂತರ ಭಾರತ ತಂಡ ಪಾಕಿಸ್ತಾನಕ್ಕೆ ಹೋಗಲಿಲ್ಲ. ಆ ಜಾಗಕ್ಕೆ ಶ್ರೀಲಂಕಾ ಬಂತು. 2009ರ ಮಾರ್ಚ್ 3, ಎರಡನೆಯ ಟೆಸ್ಟಿನ ಮೂರನೆಯ ದಿನ. ತಂಡದ ಬಸ್ಸು ಕ್ರೀಡಾಂಗಣದ ಸಮೀಪದ ವೃತ್ತಕ್ಕೆ ಬಂದಾಗ ಬಂದೂಕುಧಾರಿಗಳು ಮುತ್ತಿದರು. ಟೆಸ್ಟ್ ಪಂದ್ಯವೆಂದರೆ ಐದು ದಿನ ಅದೇ ಹೋಟೆಲು, ಅದೇ ಕ್ರೀಡಾಂಗಣ, ಅದೇ ಹೊತ್ತು. ಹೊಂಚು ಹಾಕುವವನಿಗೆ ಹೆಚ್ಚು ಲೆಕ್ಕಾಚಾರ ಬೇಕಿಲ್ಲ. ಆರು ಮಂದಿ ಪೊಲೀಸರು ಮತ್ತು ಇಬ್ಬರು ನಾಗರಿಕರು ಸತ್ತರು. ಆರು ಮಂದಿ ಆಟಗಾರರು ಗಾಯಗೊಂಡರು. ಬಸ್ಸಿನ ಚಾಲಕ ಮೆಹರ್ ಮೊಹಮ್ಮದ್ ಖಲೀಲ್ ಗುಂಡಿನ ಮಳೆಯ ನಡುವೆ ಬಸ್ಸು ನಿಲ್ಲಿಸದೆ ಕ್ರೀಡಾಂಗಣದೊಳಗೆ ನುಗ್ಗಿಸಿದ್ದರಿಂದ ಆ ತಂಡ ಉಳಿಯಿತು. ಶ್ರೀಲಂಕಾ ಆಮೇಲೆ ಅವರನ್ನು ತನ್ನ ನಾಡಿಗೆ ಕರೆಸಿ ಗೌರವಿಸಿತು. ಆದರೆ ಪಾಕಿಸ್ತಾನದ ನೆಲದಲ್ಲಿ ಮತ್ತೆ ಟೆಸ್ಟ್ ಪಂದ್ಯ ನಡೆದದ್ದು 2019ರ ಡಿಸೆಂಬರ್‌ನಲ್ಲಿ. ಹತ್ತು ವರ್ಷ ಅಲ್ಲಿನ ಹುಡುಗರು ತಮ್ಮ ಊರಿನಲ್ಲಿ ಟೆಸ್ಟ್ ಪಂದ್ಯವನ್ನು ಕಣ್ಣಾರೆ ಕಾಣಲಿಲ್ಲ.

ಮರುವರ್ಷ ಜನವರಿ 8ರಂದು ಆಫ್ರಿಕ ಕಪ್‌ಗೆ ಹೊರಟಿದ್ದ ಟೋಗೊ ದೇಶದ ತಂಡ ಕಾಂಗೋದಿಂದ ಅಂಗೋಲದ ಕಬಿಂಡಾ ಪ್ರಾಂತಕ್ಕೆ ಬಸ್ಸಿನಲ್ಲಿ ಬಂತು. ಅಲ್ಲಿ ಪ್ರತ್ಯೇಕತಾವಾದಿಗಳ ಸಶಸ್ತ್ರ ಹೋರಾಟ ದಶಕಗಳಿಂದ ನಡೆದಿತ್ತು. ಗಡಿ ದಾಟಿದ ಕೂಡಲೇ ಬಸ್ಸಿನ ಮೇಲೆ ಗುಂಡು ಹಾರಿತು. ಸಹಾಯಕ ತರಬೇತುದಾರ, ಮಾಧ್ಯಮ ಅಧಿಕಾರಿ ತೀರಿಕೊಂಡರು. ಗೋಲ್ ಕೀಪರ್ ತೀವ್ರವಾಗಿ ಗಾಯಗೊಂಡರು. ತಂಡಗಳು ವಿಮಾನದಲ್ಲೇ ಬರಬೇಕಿತ್ತೆಂದು ಸಂಘಟಕರು ಆಮೇಲೆ ಹೇಳಿದರು. ಟೋಗೊ ಸರ್ಕಾರ ಶೋಕದಲ್ಲಿದ್ದ ತನ್ನ ತಂಡವನ್ನು ಮನೆಗೆ ಕರೆಸಿಕೊಂಡಿತು. ಅದಕ್ಕೆ ಆಫ್ರಿಕದ ಫುಟ್‌ಬಾಲ್ ಒಕ್ಕೂಟ ಏನು ಮಾಡಿತು ಗೊತ್ತೇ? ಮುಂದಿನ ಎರಡು ಕಪ್‌ಗಳಿಂದ ಟೋಗೊವನ್ನು ಬಹಿಷ್ಕರಿಸಿತು! ಜಗತ್ತೆಲ್ಲ ಖಂಡಿಸಿದ ಮೇಲೆ ಕೆಲವು ತಿಂಗಳಲ್ಲಿ ಆ ಶಿಕ್ಷೆಯನ್ನು ಹಿಂತೆಗೆದುಕೊಂಡಿತು. ಯೋಚಿಸಿ ನೋಡಿ. 'ಬೇಡ' ಎಂದವರಿಗೆ ದಂಡ ಹಾಕಿದರೆ ಮುಂದೆ ಯಾರು ತಾನೆ 'ಬೇಡ' ಎಂದಾರು?

ನಮ್ಮ ಊರಿನ ಹತ್ತಿರ

ಇದೆಲ್ಲ ದೂರದ ದೇಶಗಳ ಮಾತು ಎಂದುಕೊಳ್ಳಬೇಡಿ. 2010ರ ಏಪ್ರಿಲ್ 17ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ, ಐ.ಪಿ.ಎಲ್. ಪಂದ್ಯಕ್ಕೆ ಸ್ವಲ್ಪ ಮುನ್ನ, ಸ್ಫೋಟಗಳಾಗಿ ಹಲವರು ಗಾಯಗೊಂಡರು. ಕುಂಬ್ಳೆ ನಾಯಕತ್ವದ ಬೆಂಗಳೂರು ತಂಡದಲ್ಲೂ ಎದುರಾಳಿ ಮುಂಬಯಿ ತಂಡದಲ್ಲೂ ಹಲವು ದೇಶಗಳ ಆಟಗಾರರಿದ್ದರು. ಅವರ ಪಾಲಿಗೆ ಬೆಂಗಳೂರೇ ಪರದೇಶ. ತಪಾಸಣೆ ನಡೆಸಿ ಸುಮಾರು ಒಂದು ಗಂಟೆ ತಡವಾಗಿ ಪಂದ್ಯ ಆಡಿಸಿದರು. ಆದರೆ ಬೆಂಗಳೂರಿನಲ್ಲಿ ನಡೆಯಬೇಕಿದ್ದ ಸೆಮಿಫೈನಲ್ ಪಂದ್ಯಗಳನ್ನು ನವಿ ಮುಂಬಯಿಗೆ ಸ್ಥಳಾಂತರಿಸಿದರು. ಅತಿಥಿಯನ್ನು ಕರೆದ ಮೇಲೆ ಅವನ ಕ್ಷೇಮದ ಹೊಣೆ ಆತಿಥೇಯನದು.

ಇನ್ನು 'ಅದು ಶಾಂತವಾದ ದೇಶ, ಅಲ್ಲಿ ಭಯವಿಲ್ಲ' ಎಂಬ ಮಾತೂ ಪೂರ್ತಿ ನಿಜವಲ್ಲ. 2019ರ ಮಾರ್ಚ್ 15ರಂದು ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್‌ನಲ್ಲಿ ಬಾಂಗ್ಲಾದೇಶದ ಕ್ರಿಕೆಟ್ ಆಟಗಾರರು ಶುಕ್ರವಾರದ ಪ್ರಾರ್ಥನೆಗೆಂದು ಬಸ್ಸಿನಲ್ಲಿ ಮಸೀದಿಗೆ ಹೊರಟಿದ್ದರು. ಪತ್ರಿಕಾಗೋಷ್ಠಿ ಕೆಲವು ನಿಮಿಷ ಲಂಬಿಸಿದ್ದರಿಂದ ತಡವಾಯಿತು. ಮಸೀದಿಯ ಬಳಿ ಬರುವಷ್ಟರಲ್ಲಿ ಒಳಗೆ ಗುಂಡಿನ ದಾಳಿ ನಡೆದಿತ್ತು. ಆ ದಿನ ಎರಡು ಮಸೀದಿಗಳಲ್ಲಿ ನಡೆದ ದಾಳಿಗೆ ಒಟ್ಟು 51 ಮಂದಿ ಬಲಿಯಾದರು. ಆಟಗಾರರೊಂದಿಗೆ ಒಬ್ಬ ಭದ್ರತಾ ಸಿಬ್ಬಂದಿಯೂ ಇರಲಿಲ್ಲ. ಅವರು ಬಸ್ಸಿನಿಂದಿಳಿದು ಉದ್ಯಾನದ ಮೂಲಕ ನಡೆದು ಕ್ರೀಡಾಂಗಣ ಸೇರಿದರು. ಅಂದು ಅವರನ್ನು ಕಾಪಾಡಿದ್ದು ಕೆಲವು ನಿಮಿಷಗಳ ವಿಳಂಬ. ಅದೃಷ್ಟವನ್ನು ನೆಚ್ಚಿ ಯೋಜನೆ ಮಾಡಲಾಗದು.

ಇತಿಹಾಸ ಕಲಿಸಿದ ಪದ್ಧತಿ

ಈ ಎಲ್ಲ ಅನುಭವಗಳಿಂದ ಇಂದಿನ ಪದ್ಧತಿ ರೂಪುಗೊಂಡಿದೆ. ಪ್ರಮುಖ ಪ್ರವಾಸಗಳಿಗೆ ಮುನ್ನ ಒಂದು ಪರಿಶೀಲನಾ ತಂಡ ಆ ದೇಶಕ್ಕೆ ಹೋಗಿ ಹೋಟೆಲು, ಕ್ರೀಡಾಂಗಣ, ಆಸ್ಪತ್ರೆ, ನಡುವಿನ ರಸ್ತೆ ಎಲ್ಲವನ್ನೂ ನೋಡಿ ಬರುತ್ತದೆ. ಬಸ್ಸಿಗೆ ಒಂದಕ್ಕಿಂತ ಹೆಚ್ಚು ದಾರಿ ಗೊತ್ತುಮಾಡುತ್ತಾರೆ. ತಂಡದೊಂದಿಗೆ ವೈದ್ಯರು, ಭದ್ರತಾ ಅಧಿಕಾರಿ ಇರುತ್ತಾರೆ. 2021ರ ಸೆಪ್ಟೆಂಬರ್ 17ರಂದು ರಾವಲ್ಪಿಂಡಿಯಲ್ಲಿ ಪಂದ್ಯ ಆರಂಭವಾಗುವ ಹೊತ್ತಿನಲ್ಲಿ ನ್ಯೂಜಿಲೆಂಡ್ ತಂಡ ಬೆದರಿಕೆಯ ಮಾಹಿತಿಯ ಮೇರೆಗೆ ಪ್ರವಾಸವನ್ನೇ ಕೈಬಿಟ್ಟಿತು. ಆತಿಥೇಯರಿಗೆ ಬಹಳ ಬೇಸರವಾಯಿತು. ಆದರೆ ಸಂಬಂಧ ಕಡಿದುಹೋಗಲಿಲ್ಲ. 2022ರ ಡಿಸೆಂಬರ್‌ನಲ್ಲಿ ಅದೇ ನ್ಯೂಜಿಲೆಂಡ್ ಕರಾಚಿಗೆ ಬಂದು ಟೆಸ್ಟ್ ಆಡಿತು. ಇಂದು 'ಬೇಡ' ಎಂದರೂ ನಾಳೆ ಮತ್ತೆ ಬರಬಹುದು. ಸುಪೆರ್ಗಾ ಬೆಟ್ಟದಿಂದ, ಲೀಬ್ರವಿಲ್‌ನ ಕಡಲಿನಿಂದ ಯಾರೂ ಮರಳಲಿಲ್ಲ.

ವಿದ್ಯಾರ್ಥಿಗಳೇ, ನಿಮ್ಮಲ್ಲಿ ಕೆಲವರು ಮುಂದೆ ನಾಡಿನ ತಂಡದಲ್ಲಿ ಹೊರದೇಶಕ್ಕೆ ಹೋಗಬಹುದು. ಇನ್ನು ಹಲವರು ಈ ವರ್ಷವೇ ಕಾಲೇಜಿನ ಕಬಡ್ಡಿ, ಖೋ-ಖೋ ತಂಡದೊಡನೆ ಪಕ್ಕದ ಜಿಲ್ಲೆಗೆ ಹೊರಡಬಹುದು. ಹೊರಡುವ ಮುನ್ನ ನಿಮ್ಮ ಮೇಷ್ಟ್ರನ್ನು ವಿನಯದಿಂದಲೇ ನಾಲ್ಕು ಮಾತು ಕೇಳಿ. ಚಾಲಕರು ನಿನ್ನೆ ರಾತ್ರಿ ನಿದ್ದೆ ಮಾಡಿದ್ದಾರೆಯೇ? ಮಳೆ ಬಂದರೆ ಎಲ್ಲಿ ಉಳಿಯುತ್ತೇವೆ? ಯಾರಿಗಾದರೂ ಹುಷಾರು ತಪ್ಪಿದರೆ ಹತ್ತಿರದ ಆಸ್ಪತ್ರೆ ಯಾವುದು? ದಾರಿಯಲ್ಲಿ ಏನಾದರೂ ಸರಿಯಿಲ್ಲವೆನಿಸಿದರೆ ಬಸ್ಸು ನಿಲ್ಲಿಸಿ ಎನ್ನುವ ಅಧಿಕಾರ ಯಾರದು? ನಾಲ್ಕನೆಯ ಪ್ರಶ್ನೆಗೆ ಒಬ್ಬರ ಹೆಸರು ಉತ್ತರವಾಗಿ ಬರಬೇಕು. ಆ ಹೆಸರನ್ನು ತಂಡದ ಪಟ್ಟಿಯಲ್ಲಿ ನಾಯಕನ ಹೆಸರಿನ ಪಕ್ಕದಲ್ಲೇ ಬರೆದುಕೊಂಡು ಹೊರಡಿ. ಆಟ ಚೆನ್ನಾಗಿ ಆಡಿ, ಕ್ಷೇಮವಾಗಿ ಮನೆಗೆ ಬನ್ನಿ.